ಗ್ರಾಫ್ ಕಾಗದದ ಮೇಲಿನ ಶಾಂತಿ

೧೯೮೭ರಲ್ಲಿ ನಾನು ನೇಕಾರರ ಊರಾದ ಇಚಲಕರಂಜಿಯ ಒಂದು ಖಾಸಗಿ ಕಂಪ್ಯೂಟರ್ ಕ್ಲಾಸಿನಲ್ಲಿ ಮಾಸ್ತರನಾಗಿದ್ದೆ. ಕ್ಲಾಸು ಅಂದರೆ ಒಂದು ಖೋಲಿ, ಟಿವಿಗೆ ಜೋಡಿಸುವ ಎರಡು ಹೋಮ್ ಕಂಪ್ಯೂಟರ್, ಅಷ್ಟೇ. ಬಂದ್ ಮಾಡಿದರೆ ಒಳಗಿನದೆಲ್ಲ ಅಳಿಸಿಹೋಗುತ್ತಿತ್ತು. ಉಳಿಸಬೇಕೆಂದರೆ ಹಾಡಿನ ಕ್ಯಾಸೆಟ್ಟಿಗೇ ರೆಕಾರ್ಡ್ ಮಾಡಬೇಕು. ಪರದೇಶದ ಹುಡುಗರು ಇಂಥ ಯಂತ್ರಗಳಲ್ಲಿ ‘ಡೆಮೊ’ ಮಾಡುತ್ತಿದ್ದರು. ಲೆಕ್ಕವಿಲ್ಲ, ಆಟವಿಲ್ಲ, ಬರೇ ಚಿತ್ರ ಓಡುತ್ತದೆ, ಸಂಗೀತ ಬರುತ್ತದೆ. ನನಗೂ ಅದರ ಹುಚ್ಚು ಹಿಡಿದಿತ್ತು, ಬಂದವರಿಗೆಲ್ಲ ತೋರಿಸುತ್ತಿದ್ದೆ.

ಹಾಗೆ ನೋಡಲು ಬಂದವರಲ್ಲಿ ಈರಪ್ಪ ಎಂಬವರು ಅದನ್ನು ಮತ್ತೆ ಮತ್ತೆ ಹಾಕಿಸಿ ನೋಡಿದರು. ಸೀರೆ ಅಂಚಿನ ನಕ್ಷೆಯನ್ನು ಗ್ರಾಫ್ ಕಾಗದದ ಮೇಲೆ ಚೌಕ ತುಂಬಿ ತೆಗೆಯುವುದು ಅವರ ಕಸುಬು; ಅದನ್ನು ನೋಡಿ ಕಾರ್ಡಿಗೆ ತೂತು ಹೊಡೆದರೆ ಮಗ್ಗ ಹಾಗೇ ನೇಯುತ್ತದೆ. ಟಿವಿಯ ಚಿತ್ರವೂ ಚೌಕಗಳದ್ದೇ ಎಂದು ಅವರಿಗೆ ನಾನು ಹೇಳಬೇಕಾಗಲಿಲ್ಲ. ಅವರ ಮಗಳು ಶಾಂತಿ ನಾಲ್ಕು ವರ್ಷದವಳಿದ್ದಾಗ ತೀರಿಕೊಂಡಿದ್ದಳು, ಒಂದು ಫೋಟೋ ಸಹ ಇರಲಿಲ್ಲ. ಹೆಂಡತಿ ಗಂಗವ್ವ ಗಡಹಿಂಗ್ಲಜದ ತವರಿನಲ್ಲಿ ಹಾಸಿಗೆ ಹಿಡಿದಿದ್ದರು, ಡಾಕ್ಟರು ಕೈಬಿಟ್ಟಿದ್ದರು.

“ಆಕಿ ಹೋಗೂದ್ರೊಳಗ ಮಗಳನ್ನ ಒಮ್ಮೆ ನಗಿಸಿ ತೋರಸ್ಬೇಕ್ರಿ ಮಾಸ್ತರ,” ಅಂದರು.

ಪ್ರತಿ ರವಿವಾರ ಗ್ರಾಫ್ ಹಿಡಿದು ಗಡಹಿಂಗ್ಲಜಕ್ಕೆ ಹೋಗುತ್ತಿದ್ದರು. ಗಂಗವ್ವ ಮಲಗಿದಲ್ಲೇ ತಿದ್ದುತ್ತಿದ್ದರು: ಮೂಗು ಇಷ್ಟು ಚೂಪಿರಲಿಲ್ಲ, ಎಡಗಣ್ಣು ತುಸು ಸಣ್ಣದು. ಎರಡು ತಿಂಗಳಲ್ಲಿ ಒಂಬತ್ತು ಕಾಗದದ ಕಥೆಯಾಯಿತು. ಶಾಂತಿ ನೂಲಿನ ಬುಟ್ಟಿ ಎಳೆಯುತ್ತ ಬರುತ್ತಾಳೆ, ಎಡವುತ್ತಾಳೆ, ಎದ್ದು ನಮ್ಮ ಕಡೆ ತಿರುಗಿ ನಗುತ್ತಾಳೆ. ಒಂದು ದಿನ ಮುಂಜಾನೆಯಿಂದ ಕೂತು ಒಂದೊಂದೇ ಚೌಕವನ್ನು ನೋಡಿ ನೇರ ಯಂತ್ರಕ್ಕೆ ಹಾಕಿದೆ. ಆಕೆ ನಕ್ಕಾಗ ಈರಪ್ಪ ಟೋಪಿ ತೆಗೆದು ಮುಖ ಒರೆಸಿಕೊಂಡರು, ನನ್ನ ಕಣ್ಣೂ ತುಂಬಿತು. ಕ್ಯಾಸೆಟ್ಟಿಗೆ ರೆಕಾರ್ಡ್ ಮಾಡಿ, “ಆತ್ರಿ, ಇನ್ನ ಚಿಂತಿ ಇಲ್ಲ,” ಅಂದೆ.

ಮುಂದಿನ ರವಿವಾರ ಕಂಪ್ಯೂಟರನ್ನು ಪಿಶವಿಯಲ್ಲಿ ಹಾಕಿಕೊಂಡು ಇಬ್ಬರೂ ಎಸ್‌ಟಿ ಬಸ್ಸು ಹತ್ತಿದೆವು. ನೆರೆಮನೆಯ ಟಿವಿ ತಂದರು, ಗಂಗವ್ವನನ್ನು ದಿಂಬಿಗೆ ಆನಿಸಿ ಕೂಡಿಸಿದರು. ಮೂರು ಸಲ ಕ್ಯಾಸೆಟ್ ಹಾಕಿದೆ, ಮೂರೂ ಸಲ ಎರರ್. ಟೇಪಿಗೆ ಅರ್ಧವಷ್ಟೇ ಇಳಿದಿತ್ತು. ಇರಲಿ, ಗ್ರಾಫ್ ಕೊಡ್ರಿ, ಎಂಟು ದಿನದಲ್ಲಿ ಮತ್ತೆ ಮಾಡಿ ತರುತ್ತೇನೆ ಎಂದೆ.

ಈರಪ್ಪ ಗೋಡೆ ನೋಡುತ್ತ ಹೇಳಿದರು: “ಹರದ್ನೆಲ್ರಿ. ಕಾರ್ಡ್ ಆದ ಮ್ಯಾಲೆ ಗ್ರಾಫ್ ಇಟ್ಕೊಳ್ಳಂಗಿಲ್ರಿ ನಮ್ಮ ಧಂದ್ಯಾಗ. ಮಂದಿ ನಕಲ ಮಾಡ್ತಾರ.” ಮೂವತ್ತು ವರ್ಷದ ರೂಢಿ, ನಾನು ‘ಆತ್ರಿ’ ಅಂದ ಮೇಲೆ ಕೈ ತಾನಾಗಿಯೇ ಹರಿದಿತ್ತು.

ಹೊಸ ಕಾಗದ ತೆಗೆದು ಹೆಂಡತಿಯ ಹತ್ತಿರ ಕೂತರು. ಗಂಗವ್ವ ಭಾಳ ಹೊತ್ತು ಕಣ್ಣು ಮುಚ್ಚಿಕೊಂಡಿದ್ದರು.

“ಆಕಿ ಮೊದಲಿನ ಮಾರಿ ಕಣ್ಣಮುಂದ ಬರವಲ್ದ್ರಿ,” ಅಂದರು. “ನೀವು ತಗದದ್ದ ಬರತೈತಿ. ಅದೂ ಚೂರು ಚೂರ.”

ಅದಾದ ಹನ್ನೆರಡನೇ ದಿನ ಗಂಗವ್ವ ತೀರಿಕೊಂಡರು.

ರೆಕಾರ್ಡ್ ಮಾಡಿದ್ದನ್ನು ಮತ್ತೆ ಓಡಿಸಿ ತಾಳೆ ನೋಡುವುದಕ್ಕೆ ‘ವೆರಿಫೈ’ ಎನ್ನುತ್ತೇವೆ. ನಾಲ್ಕು ನಿಮಿಷದ ಕೆಲಸ. ಶಾಂತಿಯನ್ನು ರೆಕಾರ್ಡ್ ಮಾಡಿದ ದಿನ ಬಾಗಿಲಲ್ಲಿ ಮುಂದಿನ ಬ್ಯಾಚು ಕಾಯುತ್ತಿತ್ತೆಂದು ಬಿಟ್ಟಿದ್ದೆ. ತಾಳೆ ನೋಡದೆ ಯಾರಿಗೂ ‘ಆಯಿತು’ ಅನ್ನಬಾರದೆಂದು ಈ ಕಸುಬು ನನಗೆ ಹೀಗೆ ಕಲಿಸಿತು. ಮುಂದೆ ನನ್ನ ಹತ್ತಿರ ಕಲಿತವರಿಗೆಲ್ಲ ಬೈದು ಬೈದು ಅದನ್ನೇ ಹೇಳಿದೆ. ಅಂದು ನಾನು ತಾಳೆ ನೋಡಿರಲಿಲ್ಲವೆಂದು ಈರಪ್ಪನವರಿಗೆ ಮಾತ್ರ ಹೇಳಲಿಲ್ಲ. ಸಿಕ್ಕಾಗಲೆಲ್ಲ, ನನ್ನ ಕೈಯಾರೆ ಮಗಳನ್ನ ಹರದ್ನೆಲ್ರಿ ಎಂದು ಅಳುತ್ತಿದ್ದರು. ನಾನು ಚಹಾ ಹೇಳುತ್ತಿದ್ದೆ.