ವೆಂಕಟರಂಗಯ್ಯನವರ ಮೂರು ತೆಂಗಿನಕಾಯಿ

ಗುಬ್ಬಿಯ ವೆಂಕಟರಂಗಯ್ಯನವರು ಹದಿನೆಂಟು ವರ್ಷ ತೆರಿಗೆ ಪ್ರಾಕ್ಟೀಸು ಮಾಡಿದ್ದರೂ, ಜಿಲ್ಲೆಯ ತೆರಿಗೆ ಸಲಹೆಗಾರರ ಸಂಘದ ವಾರ್ಷಿಕ ಸಮ್ಮೇಳನದಲ್ಲಿ ಊಟದ ಹೊತ್ತು ಬಿಟ್ಟರೆ ಬಾಯಿ ತೆರೆದವರಲ್ಲ. ಹಿಂದಿನ ಸಾಲಿನಲ್ಲಿ ಕೂತು, ಭಾಷಣಗಳನ್ನು ಕಣ್ಣುಮುಚ್ಚಿ ಕೇಳಿ, ಸಂಜೆಯ ರೈಲಿಗೆ ಊರಿಗೆ ಮರಳುತ್ತಿದ್ದರು.

೧೯೬೩ರಲ್ಲಿ ಸಂಘದ ಅಧ್ಯಕ್ಷ ಚನ್ನಬಸವಯ್ಯನವರಿಗೆ ಹುಮ್ಮಸ್ಸು ಬಂತು. ಇನ್‌ಕಂಟ್ಯಾಕ್ಸಿನ ಹೊಸ ಕಾಯಿದೆ ಜಾರಿಗೆ ಬಂದು ವರ್ಷವಾಗಿತ್ತು. ಈ ಸಲದ ಸಮ್ಮೇಳನ ಪೂರ್ತಿ ಕಂಪನಿ ತೆರಿಗೆಯ ಮೇಲೆಯೇ ನಡೆಯಲಿ ಎಂದು ಅವರು ತೀರ್ಮಾನಿಸಿದರು. ತೊಡಕೆಂದರೆ, ಸಂಘದ ನಲವತ್ತು ಸದಸ್ಯರಲ್ಲಿ ಕಂಪನಿಯ ಕೆಲಸ ಕಂಡವರು ವೆಂಕಟರಂಗಯ್ಯ ಒಬ್ಬರೇ. ಅದೂ ಕುಣಿಗಲ್ಲಿನ ಒಂದು ಕೊಬ್ಬರಿ ಮಂಡಿ. ಅದರ ಮಾಲೀಕರಾದ ಅಣ್ಣತಮ್ಮಂದಿರು ಒಬ್ಬರನ್ನೊಬ್ಬರು ನಂಬಲಾರದೆ, ಬೇರೆಯೂ ಆಗಲಾರದೆ, ಯಾರದೋ ಮಾತು ಕೇಳಿ ಮಂಡಿಯನ್ನು ಪ್ರೈವೇಟ್ ಲಿಮಿಟೆಡ್ ಮಾಡಿಕೊಂಡಿದ್ದರು.

ಆ ಮಂಡಿಯದೇ ಒಂದು ತಕರಾರು ಅಪೀಲಿನಲ್ಲಿತ್ತು. ವರ್ಷದ ಕೊನೆಯ ದಿನ ಅಟ್ಟದ ಮೇಲೆ ಒಣಗುತ್ತಿದ್ದ ಸರಕನ್ನೆಲ್ಲ ಇಲಾಖೆಯವರು ಕೊಬ್ಬರಿ ಎಂದು ಹಿಡಿದು ಹೆಚ್ಚಿನ ಬೆಲೆ ಕಟ್ಟಿ, ಅಷ್ಟಕ್ಕೆ ತೆರಿಗೆಯನ್ನೂ ಏರಿಸಿದ್ದರು. ಅದು ಇನ್ನೂ ಬರೀ ಕಾಯಿ ಎಂಬುದು ವೆಂಕಟರಂಗಯ್ಯನವರ ವಾದ. ಇದನ್ನೇ ವಿಷಯ ಮಾಡಿಕೊಂಡು ಮಾತಾಡಿ ಎಂದು ಚನ್ನಬಸವಯ್ಯ ಪತ್ರ ಬರೆದರು.

ವೆಂಕಟರಂಗಯ್ಯ ಹದಿನಾಲ್ಕು ಪುಟದ ಇಂಗ್ಲಿಷ್ ಪ್ರಬಂಧ ಬರೆದರು. ದಿನಾ ಬೆಳಿಗ್ಗೆ ಗೋಡೆಯ ಕನ್ನಡಿಯ ಮುಂದೆ ನಿಂತು, ಕೈ ಎತ್ತಿ ಇಳಿಸಿ ಅದನ್ನು ಓದತೊಡಗಿದರು. ಹಿತ್ತಲಿನಾಚೆಯ ಹೆಂಗಸರು ವಿಚಾರಿಸಿದಾಗ ಅವರ ಹೆಂಡತಿ ವನಜಮ್ಮ, ಅದೇನೋ ಕಂಪನಿಯ ವಿಷಯವಂತೆ, ತುಮಕೂರಿನಲ್ಲಿದೆಯಂತೆ ಎಂದರು. ಗುಬ್ಬಿಯಲ್ಲಿ ಕಂಪನಿ ಎಂದರೆ ನಾಟಕದ ಕಂಪನಿ. ಬೇರೆ ಅರ್ಥ ಯಾರಿಗೂ ಹೊಳೆಯಲಿಲ್ಲ. ವಾರ ಕಳೆಯುವುದರೊಳಗೆ ವೆಂಕಟರಂಗಯ್ಯನವರು ಬಣ್ಣ ಹಚ್ಚುತ್ತಾರೆಂಬ ಸುದ್ದಿ ಕಡಬದಲ್ಲಿದ್ದ ಅವರ ಅಕ್ಕ ತುಳಸಮ್ಮನವರಿಗೆ ಮುಟ್ಟಿತು. ಐವತ್ತರ ಹತ್ತಿರದ ತಮ್ಮನಿಗೆ ಯಾವ ಪಾರ್ಟು ಕೊಟ್ಟಿರಬಹುದು ಎಂದು ಯೋಚಿಸುತ್ತಲೇ ಅವರು ಸಮ್ಮೇಳನದ ಹಿಂದಿನ ದಿನ ಗುಬ್ಬಿಗೆ ಬಂದಿಳಿದರು. ತಮ್ಮ ಎಷ್ಟು ಬಿಡಿಸಿ ಹೇಳಿದರೂ ಅವರು ನಂಬಲಿಲ್ಲ. ನಾಚಿಕೆಗೆ ಹಾಗೆನ್ನುತ್ತಾನೆ ಎಂದುಕೊಂಡು ಮರುದಿನ ಜರಿಯ ಸೀರೆಯುಟ್ಟು ಜೊತೆಗೇ ರೈಲು ಹತ್ತಿದರು.

ವೆಂಕಟರಂಗಯ್ಯನವರ ಕೈಯಲ್ಲೊಂದು ಚೀಲವಿತ್ತು. ಅದರಲ್ಲಿ ಮೂರು ಸುಲಿದ ಕಾಯಿ: ಒಂದು ಹಸಿಯದು, ಒಂದು ಆರು ತಿಂಗಳು ಅಟ್ಟದಲ್ಲಿದ್ದದ್ದು, ಒಂದು ಪೂರ್ತಿ ಕೊಬ್ಬರಿಯಾದದ್ದು. ಸಭೆಯಲ್ಲಿ ಒಂದೊಂದನ್ನೇ ಅಲ್ಲಾಡಿಸಿ ತೋರಿಸುವುದು ಅವರ ಯೋಚನೆ.

ಸಮ್ಮೇಳನ ನಡೆದದ್ದು ತುಮಕೂರಿನ ಒಂದು ಛತ್ರದಲ್ಲಿ. ಬೆಂಗಳೂರಿನಿಂದ ಬಂದಿದ್ದ ಮುಖ್ಯ ಅತಿಥಿ, ನಿವೃತ್ತ ಇನ್‌ಕಂಟ್ಯಾಕ್ಸ್ ಅಧಿಕಾರಿಯೊಬ್ಬರು, ಡಿವಿಡೆಂಡಿನ ಮೇಲೆ ಎರಡು ಗಂಟೆ ಮಾತಾಡಿದರು. ಪರದೆ ಏಳುವುದನ್ನು ಕಾದು ಕಾದು ಸಾಕಾದ ತುಳಸಮ್ಮ ಎದ್ದು ಅಡಿಗೆಮನೆ ಕಡೆ ಹೋದರು. ಅಲ್ಲಿ ಭಟ್ಟರು ಕಾಯಿ ಸಾಲದೆ ಪೇಚಾಡುತ್ತಿದ್ದರು. ತಮ್ಮನ ಚೀಲದಲ್ಲಿ ಕಾಯಿ ಇರುವುದು ತುಳಸಮ್ಮನವರಿಗೆ ಗೊತ್ತಿತ್ತು.

ಊಟವಾಯಿತು. ಚಟ್ನಿ ಚೆನ್ನಾಗಿತ್ತು, ವೆಂಕಟರಂಗಯ್ಯ ಎರಡು ಸಲ ಹಾಕಿಸಿಕೊಂಡರು. ಆಮೇಲೆ ಅವರ ಸರದಿ. ವೇದಿಕೆ ಹತ್ತಿ, ಕೋಟಿನ ಗುಂಡಿ ಹಾಕಿಕೊಂಡು, ಮೊದಲ ಪುಟ ಓದಿ, ಈಗ ಮೂರು ಕಾಯಿಗಳನ್ನು ಪ್ರತ್ಯಕ್ಷ ತೋರಿಸುತ್ತೇನೆಂದು ಇಂಗ್ಲಿಷಿನಲ್ಲಿ ಹೇಳಿ ಚೀಲಕ್ಕೆ ಕೈ ಹಾಕಿದರು. ಕೈಗೆ ಸಿಕ್ಕಿದ್ದು ಒಂದಿಷ್ಟು ನಾರು. ಚೀಲವನ್ನು ತಲೆಕೆಳಗು ಮಾಡಿ ಒದರಿದರು. ಮುಂದಿನ ಪುಟದಲ್ಲಿ ಏನಿದೆಯೆಂಬುದು ಅವರ ತಲೆಯಿಂದ ಹಾರಿಹೋಯಿತು.

ಹೆಂಗಸರ ಬೆಂಚಿನಿಂದ ತುಳಸಮ್ಮ ಎದ್ದು ನಿಂತರು. "ಹುಡುಕ್ಬೇಡ ಕಣೋ ರಂಗ. ಅಡಿಗೆಗೆ ಕೊಟ್ಟೆ."

ಸಭೆ ಗೊಳ್ಳೆಂದು ನಕ್ಕಿತು. ಚನ್ನಬಸವಯ್ಯನವರು ಗಡಿಯಾರ ನೋಡಿಕೊಂಡರು. ನಗದೇ ಇದ್ದವರು ಅತಿಥಿ ಒಬ್ಬರೇ. ಅವರು ಮುಂದಕ್ಕೆ ಬಾಗಿ, ಮೂರನ್ನೂ ಅಡಿಗೆಗೆ ಹಾಕಿದಿರಾ ತಾಯಿ, ಎಂದು ಕೇಳಿದರು.

"ಮೂರೂ ಎಲ್ಲಿ ಹಾಕಕ್ಕಾಗತ್ತೆ? ಹಸಿ ಕಾಯಿ ಚಟ್ನಿಗಾಯ್ತು. ಕೊಬ್ಬರಿ ಪುಡಿಗಾಯ್ತು. ಮಧ್ಯದ್ದು ಒಡೆದು ನೋಡಿ ಮೂಲೆಗಿಟ್ಟೆ. ತುರಿಯೋಕೆ ಗಟ್ಟಿ, ಪುಡಿ ಮಾಡೋಕೆ ಹಸಿ. ಅದು ಕಾಯೂ ಅಲ್ಲ, ಕೊಬ್ಬರೀನೂ ಅಲ್ಲ."

"ಅದನ್ನ ಕೊಬ್ಬರಿ ಬೆಲೆಗೆ ಕೊಟ್ಟರೆ ತಗೋತೀರಾ?"

"ತಲೆ ಕೆಟ್ಟೋರು ತಗೋಬೇಕು," ಎಂದರು ತುಳಸಮ್ಮ.

ಅತಿಥಿಯ ಕೋರಿಕೆಯಂತೆ ಆ ಎರಡು ಹೋಳು ಅಡಿಗೆಮನೆಯಿಂದ ಬಂದವು. ನಲವತ್ತು ಜನ ತೆರಿಗೆ ಸಲಹೆಗಾರರು ಅವನ್ನು ಕೈಯಿಂದ ಕೈಗೆ ದಾಟಿಸಿ, ಮೂಸಿ, ಉಗುರಿನಿಂದ ಗೀರಿ ನೋಡಿದರು. ತುಳಸಮ್ಮ ನಿಂತಲ್ಲೇ ಅಟ್ಟ ಕಟ್ಟುವುದು, ಕೆಳಗಿಂದ ಒಲೆಯ ಹೊಗೆ ತಾಗಿಸುವುದು, ಯಾವ ತಿಂಗಳಿಗೆ ನೀರು ಎಷ್ಟು ಇಂಗುತ್ತದೆ ಎಂಬುದನ್ನೆಲ್ಲ ಅರ್ಧ ಗಂಟೆ ವಿವರಿಸಿದರು. ಡಿವಿಡೆಂಡಿನ ಹೊತ್ತಿಗೆ ನಿದ್ದೆ ಮಾಡಿದ್ದವರೂ ಎಚ್ಚರವಾಗಿದ್ದರು. ಪ್ರಬಂಧದ ಉಳಿದ ಹದಿಮೂರು ಪುಟ ಹಾಗೇ ಉಳಿಯಿತು.

ಹಿಂತಿರುಗುವಾಗ ವೆಂಕಟರಂಗಯ್ಯ ರೈಲಿನಲ್ಲಿ ಅಕ್ಕನಿಗೆ ಬೆನ್ನು ಮಾಡಿ ಕಿಟಕಿಯ ಪಕ್ಕ ಕೂತರು. ಹೊರಡುವಾಗ ಅತಿಥಿ ಒಂದು ಮಾತು ಹೇಳಿದ್ದರು: ನಿಮ್ಮ ಪ್ರಬಂಧಕ್ಕಿಂತ ಆಕೆಯ ಅಫಿಡವಿಟ್ಟು ಹಾಕಿದರೆ ಅಪೀಲಿಗೆ ಬಲ ಬರುತ್ತದೆ. ಮಾತು ಸರಿಯಾಗಿದ್ದದ್ದೇ ಅವರನ್ನು ಹೆಚ್ಚು ಚುಚ್ಚುತ್ತಿತ್ತು. ರೈಲು ಮಲ್ಲಸಂದ್ರ ದಾಟಿದ ಮೇಲೆ ಕಿಟಕಿಯ ಕಡೆ ನೋಡುತ್ತಲೇ, ಒಂದು ಸಹಿ ಹಾಕಬೇಕಾಗುತ್ತೆ ಅಕ್ಕ, ಎಂದರು. ಯಾವ ಸಹಿ ಎಂದು ಕೇಳದೆ ತುಳಸಮ್ಮ ಒಪ್ಪಿಕೊಂಡರು.

ಆದರೆ ಬರೆದದ್ದನ್ನು ಓದಿ ಹೇಳಿದ ದಿನ ಅವರು ಪೆನ್ನು ಮುಟ್ಟಲಿಲ್ಲ. ಕೊನೆಯಲ್ಲಿ, ಇದೆಲ್ಲ ನನಗೆ ತಿಳಿದ ಮಟ್ಟಿಗೆ ನಿಜ, ಎಂದಿತ್ತು.

"ತಿಳಿದ ಮಟ್ಟಿಗೆ ಅಂದ್ರೇನೋ? ನಲವತ್ತು ವರ್ಷದಿಂದ ಮಾಡ್ತಿದೀನಿ. ನಂಗೆ ಗೊತ್ತು ಅಂತ ಬರಿ."

ಕಾಯಿದೆಯಲ್ಲಿ ಹಾಗೆ ಬರೆಯುವ ಪದ್ಧತಿಯಿಲ್ಲವೆಂದು ತಮ್ಮ ಸಂಜೆಯವರೆಗೆ ವಾದಿಸಿ ಸೋತರು. ಅಪೀಲಿನಲ್ಲಿ ಅಟ್ಟದ ಮುಕ್ಕಾಲು ಭಾಗ ಸರಕು ಕಾಯಿ ಎಂದೇ ತೀರ್ಮಾನವಾಯಿತು. ಮಂಡಿಯ ಅಣ್ಣತಮ್ಮಂದಿರು ಅಪರೂಪಕ್ಕೆ ಒಟ್ಟಿಗೆ ಗುಬ್ಬಿಗೆ ಬಂದು, ವೆಂಕಟರಂಗಯ್ಯನವರ ಕೈ ಕುಲುಕಿ, ಅಕ್ಕನವರ ಮನೆಗೆ ದಾರಿ ಯಾವುದೆಂದು ಕೇಳಿದರು.