ಬರ್ಫದಲ್ಲಿ ಒಯ್ದ ಸ್ಯಾಂಪಲ್

ಸುರಪುರದ ಸುತ್ತಿನ ಹಳ್ಳಿಗಳಲ್ಲಿ ಆಕಳು, ಎಮ್ಮೆಗಳಿಗೆ ಕೃತಕ ಗರ್ಭಧಾರಣೆ ಮಾಡುವವನು ನಾನು. ಹೋರಿಯ ವೀರ್ಯ ತುಂಬಿದ ಕಡ್ಡಿಯಂಥ ಕೊಳವೆಗಳನ್ನು ನೈಟ್ರೋಜನ್ ಕ್ಯಾನಿನಲ್ಲಿಟ್ಟುಕೊಂಡು ಬೈಕ್ ಮೇಲೆ ತಿರುಗುತ್ತೇನೆ. ನನ್ನ ಕೈಗುಣದ ಬಗ್ಗೆ ರೈತರು ಹೊಗಳಿದಾಗ ಮೀಸೆ ತಿರುವಿದ್ದೂ ಉಂಟು. ನನ್ನ ಮನೆಯಲ್ಲಿ ಮಾತ್ರ ಮದುವೆಯಾಗಿ ಆರು ವರ್ಷವಾದರೂ ತೊಟ್ಟಿಲು ಕಟ್ಟಿರಲಿಲ್ಲ.

ಹೆಂಡತಿಯ ಪರೀಕ್ಷೆಗಳೆಲ್ಲ ಸರಿಯಾಗಿಯೇ ಬಂದಿದ್ದವು. ಆದರೂ ಅವ್ವ ಅವಳನ್ನೇ ಅಬ್ಬೆತುಮಕೂರಿನ ಮಠಕ್ಕೆ ಕರೆದೊಯ್ಯುತ್ತಿದ್ದಳು, ಅವಳನ್ನೇ ದೂರುತ್ತಿದ್ದಳು. ನನಗೆ ಇನ್ನೊಂದು ಮದುವೆ ಮಾಡುವ ಮಾತೂ ಶುರುವಾಗಿತ್ತು. ನನ್ನನ್ನು ಪರೀಕ್ಷಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ. ಅದೇ ಕಸುಬಿನವನಾದ ನನಗೂ ಹೊಳೆಯಲಿಲ್ಲ, ಅದಕ್ಕೇನು ಹೇಳುವುದು! ಶಹಾಪುರದ ಕ್ಲಿನಿಕ್ಕಿನ ಡಾಕ್ಟರಮ್ಮ ಗದರಿಸಿದ ಮೇಲೆಯೇ ಒಪ್ಪಿದೆ.

ಕ್ಲಿನಿಕ್ಕಿನ ಕೋಣೆಯಲ್ಲಿ ವೀರ್ಯದ ಸ್ಯಾಂಪಲ್ ಕೊಡುವುದು ನನ್ನಿಂದ ಆಗಲಿಲ್ಲ. ಬಾಗಿಲಾಚೆ ಜನ ಚಪ್ಪಲಿ ಎಳೆದುಕೊಂಡು ಓಡಾಡುತ್ತಿದ್ದರೆ ಯಾರಿಗೆ ಆದೀತು? ಮನೆಯಿಂದ ಒಂದು ತಾಸಿನೊಳಗೆ ತಂದುಕೊಡಿ ಎಂದು ಲ್ಯಾಬಿನ ಅಕ್ಕ ಡಬ್ಬಿ ಕೊಟ್ಟರು. ಹೇಗೆ ತರಬೇಕೆಂದು ಹೇಳಲು ಬಾಯಿ ತೆರೆದರು. “ಗೊತ್ತದರಿ, ನಮ್ಮ ಕೆಲಸಾನೇ ಇದು,” ಎಂದು ತಡೆದೆ.

ಮರುದಿನ ರಂಗಂಪೇಟೆಯ ಮನೆಯಿಂದ, ದನಗಳ ಲಸಿಕೆ ಒಯ್ಯುವ ಪೆಟ್ಟಿಗೆಯಲ್ಲಿ ಬರ್ಫದ ಗಡ್ಡೆ ತುಂಬಿ, ನಡುವೆ ಡಬ್ಬಿ ಹುಗಿದು ತೆಗೆದುಕೊಂಡು ಹೋದೆ. ಎಷ್ಟು ಜತನ!

ಅಕ್ಕ ಸೂಕ್ಷ್ಮದರ್ಶಕದಿಂದ ಮುಖ ಎತ್ತಿ, “ಸಂಖ್ಯೆ ಕಡಿಮಿ ಅದ. ಅದ್ರಾಗ ಒಂದೂ ಓಡಾಡಾಕತ್ತಿಲ್ಲರಿ,” ಎಂದಾಗ ನನ್ನ ಜೀವವೇ ಬಾಯಿಗೆ ಬಂತು. ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬೆಂಚಿನ ಮೇಲೆ ಕೂತೆ. ಆಗ ಅವರ ಕಣ್ಣು ಪೆಟ್ಟಿಗೆಯ ಮೇಲೆ ಬಿತ್ತು.

“ಇದರಾಗ ತಂದೀರೇನು?”

“ಹೌದ್ರಿ. ಹೋರಿದು ಥಂಡ್ಯಾಗೇ ಇಡ್ತೀವಲ್ಲರಿ.”

“ಅದಕ್ಕ ಔಷಧ ಬೆರೆಸಿ ಇಟ್ಟಿರ್ತಾರ್ರಿ. ನಿಮ್ಮದಕ್ಕ ಏನು ಬೆರೆಸೀರಿ? ಮೈ ಬಿಸಿಗೆ ಇಟ್ಟು ತರಬೇಕು.” ನಗು ತಡೆಯಲು ಅವರು ಪಟ್ಟ ಪಾಡು ನೋಡಬೇಕಿತ್ತು.

ಮೂರು ದಿನ ಬಿಟ್ಟು ಮತ್ತೆ ಹೊರಟೆವು. ಹೆಂಡತಿ ಸ್ಕೂಟಿ ಓಡಿಸಿದಳು. ನಾನು ಹಿಂದೆ, ಬಗಲಲ್ಲಿ ಡಬ್ಬಿ ಅವುಚಿಕೊಂಡು ಕೂತೆ. ಚಹಾ ಅಂಗಡಿಯ ಮುಂದೆ ಪರಿಚಯದವನೊಬ್ಬ, “ಕೈಗೇನಾತೋ?” ಎಂದು ಕೂಗಿದ. “ನಿಲ್ಲಿಸಬ್ಯಾಡ,” ಎಂದೆ. ಅವಳು ಹಾರ್ನ್ ಒತ್ತಿ ಇನ್ನೂ ಜೋರಾಗಿ ಓಡಿಸಿದಳು. ಅಂಜಿಕೆಯಲ್ಲೂ ಇಬ್ಬರಿಗೂ ನಗು.

ಈ ಸಲ ಅಕ್ಕ ನನ್ನನ್ನೇ ಒಳಗೆ ಕರೆದರು. ಸ್ಯಾಂಪಲನ್ನು ದ್ರಾವಣದಲ್ಲಿ ತೊಳೆದು, ಯಂತ್ರದಲ್ಲಿ ಗರಗರ ತಿರುಗಿಸಿ, ಗಟ್ಟಿ ಇದ್ದವನ್ನಷ್ಟೇ ಬೇರೆ ಮಾಡಿದ್ದರು. ಅದರ ಒಂದು ಹನಿಯನ್ನು ತೋರಿಸಿದರು. ಕಣ್ಣಿಟ್ಟೆ. ಓಡುತ್ತಿದ್ದವು! ಒಂದು ಆ ಕಡೆ, ಒಂದು ಈ ಕಡೆ, ಬಾಲ ಬಡಿಯುತ್ತ. ಹೋರಿಯವನ್ನು ಎಷ್ಟು ಸಲ ನೋಡಿದ್ದೆನೋ, ಮೈ ಜುಮ್ಮೆಂದದ್ದು ಅಂದೇ. ಇವು ನನ್ನವು.

ಸಂಖ್ಯೆ ಕಡಿಮೆಯೇ, ಆದರೆ ಹೀಗೆ ತೊಳೆದು ಸರಿಯಾದ ದಿನ ಗರ್ಭಕೋಶಕ್ಕೆ ಬಿಟ್ಟರೆ ಆಶೆ ಇದೆ ಎಂದರು ಡಾಕ್ಟರಮ್ಮ. ಹೊರಗೆ ಓಡಿಬಂದು ಹೆಂಡತಿಗೆ ಹೇಳಿದೆ. “ಕೂಸು ಆಗಬಹುದು ಅಂದಾರ. ಕಡಿಮಿ ಇರೋದು ನನ್ನದ್ರಾಗ. ನಿಂದೇನೂ ಇಲ್ಲ.”

ಕೂಸಿನ ಮಾತು ಅವಳ ಕಿವಿಗೆ ಬಿದ್ದಂತೆಯೇ ಕಾಣಲಿಲ್ಲ. “ಕಡಿಮಿ ಯಾರದು ಅಂಬೋದು ಅತ್ತಿಗೂ ಹೇಳ್ರಿ,” ಎಂದಳು. “ಈಗೇ.”

ಅಲ್ಲೇ ನಿಂತು ಫೋನ್ ಹಚ್ಚಿದೆ. ಹೇಳಿದೆ. ಅವ್ವ, “ಅಕಿಗೆ ಕೊಡು,” ಎಂದಳು.

ಹೆಂಡತಿ ಫೋನ್ ಕಿವಿಗೆ ಇಟ್ಟುಕೊಂಡಳು. ಆ ಕಡೆಯಿಂದ ಅವ್ವನ ಅಳು ನನಗೂ ಕೇಳುತ್ತಿತ್ತು. ಅವಳು ಪೂರ್ತಿ ಕೇಳಿಸಿಕೊಂಡಳು. ನಡುವೆ ಒಮ್ಮೆಯೂ “ಇರಲಿ ಬಿಡ್ರಿ ಅತ್ತಿ,” ಅನ್ನಲಿಲ್ಲ.