ದೊಡ್ಡಮ್ಮ ಆರಿಸಿ ತೆಗೆದ ಬೀಜ

ಗೋದಾಮಿನಲ್ಲಿ ನಮ್ಮ ದೊಡ್ಡಮ್ಮನಿಗೆ ಭೂತಗನ್ನಡಿ ಎಂದೇ ಹೆಸರು. ಕಡಲೆಬೀಜ ಆರಿಸುವ ಉದ್ದನೆಯ ಮೇಜಿನ ಮುಂದೆ, ಟ್ಯೂಬ್‌ಲೈಟಿನ ಕೆಳಗೆ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಇಪ್ಪತ್ತೆರಡು ವರ್ಷ ಕುಳಿತವಳು. ಸುಕ್ಕಿದ್ದು, ಕಪ್ಪಾದದ್ದು, ಬೂಷ್ಟು ಹಿಡಿದದ್ದು ಅವಳ ಬೆರಳು ತಪ್ಪಿಸಿಕೊಂಡು ಮುಂದೆ ಹೋಗುತ್ತಿರಲಿಲ್ಲ. ಮನೆಯಲ್ಲೂ ಅದೇ ಚಾಳಿ. ನನಗೆ ನೋಡಿದ ಮೂರು ಗಂಡುಗಳಲ್ಲೂ ಒಂದೊಂದು ಹುಳುಕು ತೆಗೆದು ಸಾಗಹಾಕಿದಳು. ಎರಡನೆಯವನ ವಿಷಯದಲ್ಲಿ ನನಗೆ ಇನ್ನೂ ಸಿಟ್ಟಿದೆ.

ಹೀಗೆ ತೆಗೆದ ಬೀಜವನ್ನು ಆರಿಸುವ ಹೆಂಗಸರು ಸಂಜೆ ಒಂದಿಷ್ಟು ಮನೆಗೆ ಒಯ್ಯಬಹುದಿತ್ತು. ಉಳಿದದ್ದು ಪಶು ಆಹಾರದ ವ್ಯಾಪಾರಿಗೆ ಹೋಗುತ್ತಿತ್ತು. ಅದರಲ್ಲಿ ಒಂದು ಕಾಳೂ ಮನೆಯವರ ಬಾಯಿಗೆ ಬೀಳದಂತೆ ದೊಡ್ಡಮ್ಮ ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದಳು. ಎಲ್ಲವನ್ನೂ ಬೇಯಿಸಿ ಹಿತ್ತಲಿನ ಹಸುವಿಗೆ ಇಡುತ್ತಿದ್ದಳು. ಹಸು ಮೈಕೈ ತುಂಬಿಕೊಂಡು ಚೆನ್ನಾಗಿಯೇ ಇತ್ತು. ಅದರ ಹಾಲಿನಲ್ಲಿ ಮೊದಲ ಲೋಟ ನಾಲ್ಕು ವರ್ಷದ ಮೊಮ್ಮಗಳಿಗೆ, ಉಳಿದದ್ದು ಹಾಲಿನ ಕೇಂದ್ರಕ್ಕೆ.

ಒಂದು ಬೆಳಿಗ್ಗೆ ಕ್ಯಾನು ಹೊತ್ತು ನಾನೂ ಜೊತೆಗೆ ಹೋಗಿದ್ದೆ. ಕೇಂದ್ರದ ಮೇಡಂ ಹೊಸದಾಗಿ ಬಂದಿದ್ದ ಪರೀಕ್ಷೆಯ ಕಾಗದದ ಪಟ್ಟಿಯನ್ನು ನಮ್ಮ ಹಾಲಿನಲ್ಲಿ ಅದ್ದಿ ನೋಡಿದರು. ಇನ್ನೊಂದು ಪಟ್ಟಿ ಅದ್ದಿದರು. ಆಮೇಲೆ ಕ್ಯಾನನ್ನು ಪಕ್ಕಕ್ಕಿಟ್ಟರು.

“ಅಮ್ಮ, ಈ ಹಾಲು ತಗೊಳ್ಳೋಕಾಗಲ್ಲ.”

“ಯಾಕೆ? ಒಂದು ತೊಟ್ಟು ನೀರು ಬೆರೆಸಿದ್ರೆ ನನ್ನ ಕೈ ಸೇದ್ಹೋಗ್ಲಿ!”

“ನೀರಲ್ಲಮ್ಮ. ಬೂಷ್ಟಿನ ವಿಷ. ಹಸುಗೆ ಏನು ಹಾಕ್ತೀರಾ?”

ದೊಡ್ಡಮ್ಮ ಗೋದಾಮಿನ ಬೀಜದ ವಿಷಯ ಹೆಮ್ಮೆಯಿಂದಲೇ ಹೇಳಿದಳು. ಮೇಡಂ ಪಟ್ಟಿಯನ್ನು ಅವಳ ಮುಂದೆ ಹಿಡಿದರು.

“ಹಸು ತಿಂದ ವಿಷ ಹಾಲಲ್ಲೂ ಬರುತ್ತಮ್ಮ. ಕಾಯಿಸಿದ್ರೂ ಹೋಗಲ್ಲ. ಮನೇಲಿ ಈ ಹಾಲು ಯಾರಾದ್ರೂ ಕುಡೀತಾರಾ?”

ದೊಡ್ಡಮ್ಮ ಕ್ಯಾನು ಎತ್ತಿಕೊಂಡು ಮನೆಯತ್ತ ದಾಪುಗಾಲು ಹಾಕಿದಳು. ನನಗೆ ಅವಳ ಮುಖ ನೋಡಲು ಭಯವಾಯಿತು. ಮನೆಗೆ ಬಂದರೆ ಆವತ್ತಿನ ಲೋಟವೂ ಖಾಲಿಯಾಗಿ ಮೇಜಿನ ಮೇಲಿತ್ತು.

ವಿಷಯ ಕೇಳಿ ಅವಳ ಮಗಳು, ನಮ್ಮಕ್ಕ, ಗೋಡೆಗೆ ಒರಗಿ ಕುಳಿತುಬಿಟ್ಟಳು. “ಎರಡು ವರ್ಷ ಕಣಮ್ಮ. ನಮ್ಮ ತಟ್ಟೆಯಿಂದ ತೆಗೆದು ನನ್ನ ಮಗೂಗೇ ಕುಡಿಸಿದ್ಯಲ್ಲ!” ಈ ಮಾತು ನನಗೇ ಎದೆಗೆ ಚುಚ್ಚಿತು. ದೊಡ್ಡಮ್ಮನಿಗೆ ಹೇಗಾಗಿರಬೇಡ. ಡಾಕ್ಟರು ಮಗುವಿನ ಹೊಟ್ಟೆ ಒತ್ತಿ ನೋಡಿದರು, ರಕ್ತ ತೆಗೆಸಿದರು. ಯಕೃತ್ತು ಈಗ ಸರಿಯಾಗಿದೆ, ಮುಂದಿನದನ್ನು ಯಾರೂ ಹೇಳಲಾರರು ಎಂದರು.

ಹಸುವಿನ ಆಹಾರ ಬದಲಾಯಿತು. ಕರೆದ ಹಾಲನ್ನು ದಿನವೂ ಗುಂಡಿಗೆ ಸುರಿದಳು. ಆರನೆಯ ದಿನ ಪರೀಕ್ಷೆಯಲ್ಲಿ ಹಾಲು ಚೆನ್ನಾಗಿದೆ ಎಂದು ಬಂತು. ದೊಡ್ಡಮ್ಮ ಆ ಪಟ್ಟಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ತಂದು ಮಗಳ ಮುಂದಿಟ್ಟಳು. ಅಕ್ಕ ಅದನ್ನು ನೋಡಲೂ ಇಲ್ಲ. ಮಗುವನ್ನು ಎತ್ತಿಕೊಂಡು ಒಳಗೆ ಹೋದಳು.

ಮರುದಿನ ಗೋದಾಮಿಗೆ ವ್ಯಾಪಾರಿಯ ವ್ಯಾನು ಬಂತು. ತೆಗೆದ ಬೀಜ ಮೂಲೆಯಲ್ಲಿ ರಾಶಿ ಬಿದ್ದಿತ್ತು. ದೊಡ್ಡಮ್ಮ ಎದ್ದು ಬಚ್ಚಲಿಂದ ಫಿನಾಯಿಲ್ ಡಬ್ಬ ತಂದಳು. ಯಾರಾದರೂ ಏಕೆ ಎಂದು ಕೇಳುವ ಮೊದಲೇ ಅಷ್ಟನ್ನೂ ರಾಶಿಯ ಮೇಲೆ ಸುರಿದಳು.

“ತಲೆಗಿಲೆ ಕೆಟ್ಟಿದ್ಯಾ?” ಎಂದು ಮಾಲೀಕರು ಓಡಿ ಬಂದರು. “ಅದು ದನ ತಿನ್ನೋದು ಕಣಮ್ಮ!”

“ನಾನೂ ಹಾಗೇ ಅಂದ್ಕೊಂಡಿದ್ದೆ, ಸಾಹುಕಾರ್ರೇ.”

ಆವತ್ತೇ ಕೆಲಸ ಹೋಯಿತು. ಮನೆಗೆ ಬಂದು ಮೂಗಿನ ಬಟ್ಟೆ ಬಿಚ್ಚುತ್ತಾ ನಡೆದದ್ದನ್ನೆಲ್ಲ ಹೇಳಿದಳು.  ಸಂಜೆ ಅಕ್ಕ ಹಾಲು ಕಾಯಿಸಿ, ಆರಿಸಿ, ಲೋಟಕ್ಕೆ ಹಾಕಿ ತಂದು ತಾಯಿಯ ಕೈಗೆ ಕೊಟ್ಟಳು.

“ನೀನೇ ಕುಡಿಸು.”

ಮಗು ಬಂದು ಅಜ್ಜಿಯ ಮೊಣಕಾಲಿಗೆ ಒರಗಿ ನಿಂತಿತು. ದೊಡ್ಡಮ್ಮ ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದು, ಹಾಲಿನೊಳಗೆ ಬಗ್ಗಿ ನೋಡಿದಳು. ಓರೆ ಮಾಡಿ ನೋಡಿದಳು. 

“ಏನೂ ಕಾಣಿಸ್ತಿಲ್ಲ ಕಣೇ,” ಎಂದಳು ನನಗೆ. “ಆಗ್ಲೂ ಏನೂ ಕಂಡಿರ್ಲಿಲ್ಲ.”